ಗುಂಪಿನ ಡಬ್ಬಿಗೆ ಬಿದ್ದ ಉತ್ತರ

ಹೊಲಿಗೆಯವಳ ಮಗಳ ಸೀಸೆಯಲ್ಲಿ ಉಳಿದದ್ದು ನಾಲ್ಕೇ ಮಾತ್ರೆ. ದಿನಕ್ಕೆ ಎರಡು ಬೇಕು. ತಪ್ಪಿದರೆ ಮತ್ತೆ ಮೂರ್ಛೆಯ ಸೆಳೆತ ಬರಬಹುದು ಎಂದಿದ್ದರು ಡಾಕ್ಟರು. ಮೂರು ವಾರದಿಂದ ಯಾವ ಔಷಧದಂಗಡಿಯಲ್ಲೂ ಅದು ಸಿಗುತ್ತಿಲ್ಲ.

ಇಂಥ ಮಕ್ಕಳ ತಾಯಂದಿರದೇ ಒಂದು ಇಮೇಲ್ ಗುಂಪಿತ್ತು. ಹೊಲಿಗೆಯವಳು ಸೋಮವಾರ ಅದಕ್ಕೆ ಬರೆದಳು: ‘ಯಾರ ಹತ್ತಿರವಾದರೂ ಹೆಚ್ಚಿದ್ದರೆ ತಿಳಿಸಿ.’ ಈಗ ಗುರುವಾರ ಮಧ್ಯಾಹ್ನ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಬಂತು. ಒಂದು ಗುಂಡಿ ಹಚ್ಚುವುದು, ಫೋನು ನೋಡುವುದು, ನಿಟ್ಟುಸಿರು ಬಿಡುವುದು.

ಊಟಕ್ಕೆ ಬಂದ ತಂಗಿ ಫೋನು ಕಿತ್ತುಕೊಂಡಳು. “ಅಕ್ಕಾ, ಗುಂಪಿನ ಡಬ್ಬಿ ನೋಡಿದ್ಯಾ?”

“ಅದ್ಯಾಕೆ? ಅದರಲ್ಲಿ ಎಲ್ಲರ ಹರಟೆ ಇರೋದು. ಇದು ನನಗೇ ಬರಬೇಕಾದ ಉತ್ತರ ಕಣೇ.”

ಹೋದ ತಿಂಗಳು ಫೋನು ಗುಂಯ್ ಅಂದಾಗ ಹೊಲಿಗೆಯವಳು ಬೆಚ್ಚಿ ಬೆರಳಿಗೆ ಸೂಜಿ ಚುಚ್ಚಿಕೊಂಡಿದ್ದಳು. ಗುಂಪಿನ ಇಮೇಲ್ ಕಾಗದವೆಲ್ಲ ಸದ್ದಿಲ್ಲದೆ ಫೋನಿನಲ್ಲೇ ಬೇರೆ ಡಬ್ಬಿಗೆ ಬೀಳುವಂತೆ ಮಾಡಿಸಿಕೊಂಡವಳು ಅವಳೇ.

“ಅಯ್ಯೋ ನನ್ನ ಅಕ್ಕನೇ! ಆ ಏರ್ಪಾಡು ನಿನ್ನ ಹೆಸರು ನೋಡಲ್ಲ, ಒಳಗಿನ ಮಾತೂ ಓದಲ್ಲ. ಗುಂಪಿನ ಮೂಲಕ ಬಂದ ಪ್ರತಿ ಕಾಗದದ ತಲೆಯಲ್ಲಿ, ನಮಗೆ ಕಾಣದ ಹಾಗೆ, ‘ಇದು ಇಂಥ ಗುಂಪಿನದು’ ಅಂತ ಒಂದು ಸಾಲು ಇರುತ್ತೆ. ಅದು ಕಂಡ್ರೆ ಸಾಕು, ಎತ್ತಿ ಡಬ್ಬಿಗೆ ಹಾಕುತ್ತೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲೇ!”

ತಂಗಿಯೇ ಡಬ್ಬಿ ತೆರೆದಳು. ಒಬ್ಬಳೇ ತಾಯಿಯಿಂದ ಮೂರು ಕಾಗದ.

ಸೋಮವಾರ: ‘ನನ್ನಲ್ಲಿ ಇನ್ನೂ ತೆರೆಯದ ಸೀಸೆ ಒಂದಿದೆ. ಬನ್ನಿ.’

ಮಂಗಳವಾರ: ‘ನಿಮಗಾಗಿ ಎತ್ತಿಟ್ಟಿದ್ದೇನೆ. ಬರುತ್ತೀರಾ?’

ಬುಧವಾರ: ‘ನಿಮ್ಮ ಸುದ್ದಿಯೇ ಇಲ್ಲ. ಇನ್ನೊಬ್ಬ ತಾಯಿ ಅಳುತ್ತಾ ಬಂದರು, ಕೊಟ್ಟುಬಿಟ್ಟೆ.’

ಹೊಲಿಗೆಯವಳು ಕೊನೆಯ ಕಾಗದವನ್ನು ಎರಡು ಸಲ ಓದಿದಳು. ಒಳಕೋಣೆಯಲ್ಲಿ ಮಗಳು ಗೊಂಬೆಗೆ ಚಿಂದಿ ಬಟ್ಟೆ ಸುತ್ತುತ್ತಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು.

“ಸುಮ್ನೆ ಕೂತ್ರೆ ಆಗಲ್ಲ. ಕಾಗದದ ಕೆಳಗೆ ನಂಬರ್ ಇದೆ, ಫೋನ್ ಮಾಡು,” ಎಂದಳು ತಂಗಿ.

ಸೀಸೆ ಕೊಟ್ಟಿದ್ದ ತಾಯಿ ಮರುಗಿ, ತೆಗೆದುಕೊಂಡವಳನ್ನು ಕೇಳಿ, ಅವಳ ನಂಬರು ಕೊಟ್ಟಳು. ಆ ನಂಬರು ಒತ್ತುವಾಗ ಹೊಲಿಗೆಯವಳಿಗೆ ನಾಚಿಕೆಯಾಯಿತು. ಇನ್ನೊಂದು ಮಗುವಿನ ಬಾಯಿಂದ ಕಿತ್ತುಕೊಂಡ ಹಾಗೆ ಅಲ್ಲವೇ? ಆದರೂ ಒತ್ತಿದಳು.

“ಅಮ್ಮಾ, ನನ್ನ ಹತ್ರ ಎರಡು ದಿನದ್ದಷ್ಟೇ ಇದೆ. ಸ್ವಲ್ಪ...”

ಆ ಕಡೆಯ ತಾಯಿ ನಡುವೆಯೇ ತಡೆದು ಕೇಳಿದಳು.

“ನಿಮ್ಮ ಮಗು ಎಷ್ಟು ವರ್ಷದ್ದು?”

“ಆರು.”

“ನನ್ನದು ನಾಲ್ಕು.” ಅವಳು ಮಾತ್ರೆ ಎಣಿಸುವ ಸದ್ದು ಕೇಳಿಸಿತು. “ಎಂಟು ದಿನದ್ದು ಕೊಡ್ತೀನಿ. ಅದಕ್ಕಿಂತ ಹೆಚ್ಚು ಕೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಈಗಲೇ ಬನ್ನಿ. ಸಂಜೆ ಹೊತ್ತಿಗೆ ನನ್ನ ಮನಸ್ಸು ಬದಲಾದ್ರೆ ಕಷ್ಟ.”

ಹೊಲಿಗೆಯವಳು ಮಗಳನ್ನು ತಂಗಿಯ ಮಡಿಲಿಗೆ ಹಾಕಿ, ಹೆಗಲ ಮೇಲಿನ ಅಳತೆಪಟ್ಟಿಯನ್ನೂ ತೆಗೆಯದೆ ಓಡಿದಳು.