ದುಂಡಪ್ಪನ ಚೌಕಟ್ಟು

ಬಸವರಾಜೇಶ್ವರಿ ನ್ಯೂಕ್ಲಿಯರ್ ಫಿಸಿಕ್ಸ್ ಬೆನ್ನು ಹತ್ತಿ ಜಪಾನಿನಲ್ಲಿ ಎರಡು ವರ್ಷ, ಫಿನ್ಲೆಂಡಿನಲ್ಲಿ ಮೂರು ವರ್ಷ ಕಳೆದು ಬೆಂಗಳೂರಿನ ವಿಜಯನಗರದ ಮನೆಗೆ ಮರಳಿದ್ದಳು. ನಾಗರಬಾವಿ ಪಕ್ಕದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತ, ಫಿನ್ಲೆಂಡಿನ ಹಳೆಯ ಪ್ರಯೋಗಾಲಯಕ್ಕೆ ಅರ್ಜಿ ಹಾಕುತ್ತಲೇ ಇದ್ದಳು. ಎರಡು ಸಲ ಆಗುವುದಿಲ್ಲ ಅಂದರು. ಮೂರನೆಯ ಸಲ, 2006ರಲ್ಲಿ, ಕಣಗಳನ್ನು ಹಾರಿಸುವ ಯಂತ್ರ ಐದು ದಿನ ನಿಮ್ಮದು ಎಂದು ಪತ್ರ ಬಂತು.

ಪ್ರಯೋಗಕ್ಕೆ ಬೇಕಾದದ್ದು ಕೂದಲಿಗಿಂತ ತೆಳ್ಳಗಿನ ಲೋಹದ ಹಾಳೆ. ಅದನ್ನು ಅಂಚೆಚೀಟಿ ಗಾತ್ರದ ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು, ಕಣಗಳ ಧಾರೆಯೆದುರು ನಿಲ್ಲಿಸಬೇಕು. ಹೊರದೇಶದಿಂದ ತರಿಸಿದ ಚೌಕಟ್ಟುಗಳಿಗೆ ಬಿಗಿದರೆ ಹಾಳೆ ಹರಿಯುತ್ತಿತ್ತು. ನಾಲ್ಕು ಹಾಳೆ ಹರಿದ ಮೇಲೆ ಅವಳಿಗೆ ಅಳುವೇ ಬಂತು. ವಿಭಾಗದ ಅಟೆಂಡರ್ ಮುನಿಯಣ್ಣ ನೋಡಲಾರದೆ ಹೇಳಿದ:

"ಮೇಡಂ, ನಾಯಂಡಹಳ್ಳೀಲಿ ನಮ್ ದುಂಡಪ್ಪ ಲೇಥ್ ಇಟ್ಕೊಂಡವ್ನೆ. ಒಂದ್ಸಲ ತೋರ್ಸಿ."

ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದ್ದ ದುಂಡಪ್ಪ, ಅವಳು ಒಯ್ದ ಚೌಕಟ್ಟನ್ನು ಕಣ್ಣೆದುರು ಹಿಡಿದು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಅಂಚನ್ನು ಮೆಲ್ಲಗೆ ಸವರಿದ.

"ಹಾಳಿದೇನ್ ತಪ್ಪಿಲ್ರಿ ಮೇಡಂ. ಅಂಚಿನ್ಯಾಗ ಮುಳ್ಳ ಅದಾವು. ಕಣ್ಣಿಗಿ ಕಾಣಂಗಿಲ್ಲ, ಬೆರಳಿಗಿ ಗೊತ್ತಾಗ್ತಾವು. ಎಲ್ಲಿಗಿ ಒಯ್ತೀರಿ ಇದನ್ನ?"

"ಫಿನ್ಲೆಂಡ್‌ಗೆ. ಹೋಗಿ ಈ ಹಾಳೆಗೆ ಹೊಡೆದು, ಏನು ಬರುತ್ತೆ ಅಂತ ನೋಡ್ಬೇಕು."

"ಏನ್ ಬರತೈತಿ ಅಂತ ಗೊತ್ತಿಲ್ದ ಅಷ್ಟ್ ದೂರ ಹೊಂಟೀರಿ?" ಅವನು ನಕ್ಕ. "ಭಾರೀ ಧೈರ್ಯ ಬಿಡ್ರಿ!"

ನಾಲ್ಕೇ ದಿನದಲ್ಲಿ ಆರು ಚೌಕಟ್ಟು ತಯಾರಾದವು. ಹಾಳೆ ಬಿಗಿದು ಬೆರಳಿನಿಂದ ಮೀಟಿದರೆ ಹಲಗೆ ಬಾರಿಸಿದಂತೆ ಸದ್ದು ಬರುತ್ತಿತ್ತು.

ಫಿನ್ಲೆಂಡಿನಲ್ಲಿ ಐದು ದಿನವೂ ಒಂದು ಹಾಳೆಯೂ ಹರಿಯಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಅವಳು ಆರು ವರ್ಷದಿಂದ ಲೆಕ್ಕದಲ್ಲಷ್ಟೇ ಕಂಡಿದ್ದ ನ್ಯೂಕ್ಲಿಯಸ್ಸಿನ ಗುರುತು ಪರದೆಯ ಮೇಲೆ ಎದ್ದಿತು. ಅವಳು ಕುರ್ಚಿಯಿಂದ ಜಿಗಿದ ರಭಸಕ್ಕೆ ಕಾಫಿ ಲೋಟ ಉರುಳಿತು. ಪ್ರಯೋಗಾಲಯದ ಮುಖ್ಯಸ್ಥ ಯುಹಾನಿ ಕೈಕುಲುಕಿದವನು ಚೌಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾವ ಕಂಪನಿಯದು?"

"ದುಂಡಪ್ಪ," ಎಂದಳು. ಅವನು ಹಾಗೆಯೇ ಬರೆದುಕೊಂಡ.

ಎರಡು ತಿಂಗಳಾದ ಮೇಲೆ, ಯುಹಾನಿಯಿಂದ ವಿಷಯ ತಿಳಿದ ಜಪಾನಿನ ಹಳೆಯ ಸಹೋದ್ಯೋಗಿಯಿಂದ ಇಮೇಲ್ ಬಂತು: 'ನಮಗೆ ಹನ್ನೆರಡು ದುಂಡಪ್ಪ ಬೇಕು. ಕ್ಯಾಟಲಾಗ್ ಕಳಿಸಿ.' ಬಸವರಾಜೇಶ್ವರಿ ಅದನ್ನು ಪ್ರಿಂಟ್ ಹಾಕಿಸಿಕೊಂಡು ಆಟೋದಲ್ಲೇ ನಾಯಂಡಹಳ್ಳಿಗೆ ಓಡಿದಳು.

"ಕ್ಯಾಟಲಾಗ್ ಎಲ್ಲೈತ್ರಿ ನಂದು?" ದುಂಡಪ್ಪ ಗಾಬರಿಯಾದ. "ನಾನೊಬ್ಬಾಂವ ಅದೀನಿ!"

ಆಮೇಲೆ ಅವಳಿಗೆ ವರ್ಷಕ್ಕೆರಡು ಕರೆ ಬರತೊಡಗಿದವು. ಒಮ್ಮೆ ಜಪಾನ್, ಒಮ್ಮೆ ಪೋಲೆಂಡ್. ತನ್ನ ಲೆಕ್ಕಾಚಾರ ಮೆಚ್ಚಿ ಕರೆಯುತ್ತಾರೋ ಚೌಕಟ್ಟಿನ ಆಸೆಗೋ ಎಂದು ಅವಳಿಗೆ ಒಳಗೊಳಗೇ ಕೊಂಚ ಹೊಟ್ಟೆಯುರಿ. ಎರಡೂ ಇರಲಿ ಎಂದುಕೊಂಡು ಸೂಟ್‌ಕೇಸ್ ತುಂಬಿಕೊಂಡು ಹೊರಡುತ್ತಿದ್ದಳು.

2008ರ ಫೆಬ್ರವರಿಯಲ್ಲಿ ಸಮ್ಮೇಳನಕ್ಕೆಂದು ಬೆಂಗಳೂರಿಗೆ ಬಂದ ಯುಹಾನಿ, ಅರಮನೆ ಬೇಡ, ದುಂಡಪ್ಪನ ಕಾರ್ಖಾನೆ ತೋರಿಸು ಅಂದ. ಮೈಸೂರು ರಸ್ತೆಯ ಧೂಳಿನಲ್ಲಿ ಇಳಿದು, ಹತ್ತಡಿ ಅಗಲದ ಶೆಡ್ಡಿನೊಳಗೆ ತಲೆ ತಗ್ಗಿಸಿ ಬಂದ ಆರಡಿಯ ಮನುಷ್ಯ, ಅಲ್ಲಿದ್ದ ಒಂದೇ ಒಂದು ಲೇಥನ್ನು ಸುತ್ತಲೂ ನೋಡಿದ. ಆಮೇಲೆ ಸ್ಟೂಲ್ ಎಳೆದುಕೊಂಡು ಕುಳಿತ. ಅಂಚು ತೀಡುವುದು ಹೇಗೆಂದು ಕಲಿಸಬೇಕಂತೆ.

ದುಂಡಪ್ಪ ಅವನ ಕೈಗೆ ಅರ ಕೊಟ್ಟ. ಯುಹಾನಿ ಎರಡು ಸಲ ಉಜ್ಜಿ ಹೆಮ್ಮೆಯಿಂದ ಮುಂದೆ ಹಿಡಿದ. ದುಂಡಪ್ಪ ಬೆರಳಾಡಿಸಿ, ಇಲ್ಲವೆಂದು ತಲೆಯಾಡಿಸಿದ.

"ಇನ್ನೊಮ್ಮಿ ಮಾಡ್ ಅಂತ ಹೇಳ್ರಿ ಮೇಡಂ. ಗಡಬಡಿ ಬ್ಯಾಡ."

ಬಸವರಾಜೇಶ್ವರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಯುಹಾನಿ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ.