ಅಪ್ಪಿ ಎನ್ನುವ ಮಾತು

ನಮ್ಮ ಕಡೆ ಎಳೆ ಗಂಡುಮಗುವನ್ನು ಅಪ್ಪಿ ಎನ್ನುತ್ತಾರೆ. ಮೀಸೆ ಬಂದ ಮೇಲೂ, ಸೊಂಟದಲ್ಲಿ ಹೊತ್ತವರ ಬಾಯಲ್ಲಿ ಅವನು ಅಪ್ಪಿಯೇ. ಬೇರೆಯವರು ಅಂದರೆ ಅದಕ್ಕೆ ರುಚಿಯಿಲ್ಲ. ಅವ್ವ ಹೋದಾಗ ನನ್ನ ತಮ್ಮ ನಿರಂಜನನಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಹೊತ್ತವಳು ನಾನು. ಅವನಿಗಾಗಿಯೇ ಶಾಲೆ ಬಿಟ್ಟೆ.

ಅವನು ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿ ತೆರೆದ ದಿನ ಭದ್ರಾವತಿಯಿಂದ ಕಡುಬಿನ ಡಬ್ಬಿ ಹಿಡಿದು ಬಸ್ಸಿನಲ್ಲಿ ಹೋಗಿದ್ದೆ. ದೊಡ್ಡ ದೊಡ್ಡ ಮನುಷ್ಯರ ನಡುವೆ ಕೂತಿದ್ದ.

"ಅಪ್ಪಿ, ಉಂಡ್ಯೇನೋ?" ಅಂದೆ.

ಎಲ್ಲರೂ ನಕ್ಕರು. "ಯಾರ್ರೀ ಈಯಮ್ಮ?" ಅಂದ ಒಬ್ಬ.

"ಮುಂಚೆ ನಮ್ಮನೇಲಿ ಕೆಲಸಕ್ಕಿದ್ಲು," ಅಂದ ನನ್ನ ತಮ್ಮ.

ಆಮೇಲೆ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕೋಬೇಡ ಮಾರಾಯ್ತಿ. ಜನರ ಮುಂದೆ ಸಾಹುಕಾರ್ರೆ ಅನ್ನು."

"ಆಗ್ಲಿ ಸಾಹುಕಾರ್ರೆ."

ಅಂದಿನಿಂದ ಜನರ ಮುಂದೂ ಅದೇ, ಒಲೆಯ ಮುಂದೂ ಅದೇ. ಗೌರಿಹಬ್ಬಕ್ಕೆ ಬಾಗಿನ ತಂದಾಗಲೂ ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ. ಮೊದಮೊದಲು ಅವನಿಗೆ ಖುಷಿಯೇ ಆಗಿತ್ತು. ಬರುಬರುತ್ತಾ ಮುಖ ಸಣ್ಣಗಾಯಿತು. ನೋಡಿಯೂ ನೋಡದವಳಂತಿದ್ದೆ. ನನಗೇನು ಅವಸರ? ಬೂದಿ ಮುಚ್ಚಿಟ್ಟ ಕೆಂಡ ಬೆಳಗಿನವರೆಗೂ ಆರುವುದಿಲ್ಲ.

ಈ ನಾಗರಪಂಚಮಿಗೆ ಹೇಳದೆ ಕೇಳದೆ ಕಾರಿನಲ್ಲಿ ಬಂದ. ಮುಂದಿನ ವಾರ ಎದೆಯ ಆಪರೇಷನ್ನಂತೆ. ಅಂಗಿ ಬಿಚ್ಚಿ, ನನಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತ. ಪಂಚಮಿಯ ದಿನ ಅಕ್ಕತಂಗಿಯರು ಹೂವನ್ನು ಹಾಲಿನಲ್ಲಿ ಅದ್ದಿ ಒಡಹುಟ್ಟಿದವನ ಬೆನ್ನಿಗೆ ಮುಟ್ಟಿಸಿ ಹರಸಬೇಕು. ಇದೇ ಬೆನ್ನಿಗೆ ಒಂದು ಕಾಲದಲ್ಲಿ 'ನಮ್ಮಪ್ಪಿ ಬೆನ್ನು ತಣ್ಣಗಿರಲಿ' ಅನ್ನುತ್ತಿದ್ದೆ.

ಈಗ ಮೂಳೆ ಎದ್ದು ಕಾಣುತ್ತಿತ್ತು. ಹಾಲು ತಾಕಿದ್ದೇ ನಡುಗಿದ.

"ಸಾಹುಕಾರ್ರ ಬೆನ್ನು ತಣ್ಣಗಿರಲಿ," ಅಂದೆ.

"ಅಕ್ಕಾ, ಇಲ್ಲಿ ಯಾರೂ ಇಲ್ವಲ್ಲೇ."

"ಇಲ್ಲ ಸಾಹುಕಾರ್ರೆ."

"ಒಂದೇ ಒಂದು ಸಲ ಅನ್ನೇ. ಕೇಳ್ಕೊಂಡು ಹೋಗ್ತೀನಿ. ಮತ್ತೆ ಬರ್ತೀನೋ ಇಲ್ವೋ."

"ದೇವರು ಒಳ್ಳೇದು ಮಾಡ್ತಾನೆ. ಬೆನ್ನು ಒರೆಸ್ಕೊಳ್ಳಿ, ಥಂಡಿ ಆಗುತ್ತೆ."

ಒರೆಸಿಕೊಳ್ಳಲಿಲ್ಲ. ಒದ್ದೆ ಬೆನ್ನಿನ ಮೇಲೇ ಅಂಗಿ ತೊಟ್ಟು ಮೆಟ್ಟಿಲಿಳಿದ. ಅವನ ಡ್ರೈವರ್ ಚೌಡಯ್ಯ, ಮೀಸೆ ನರೆತ ಗಂಡಸು, ಕಾರಿಗೆ ಒರಗಿ ನಿಂತಿದ್ದ. ನಾನು ಹಬ್ಬದ ಕಡುಬಿನ ತಟ್ಟೆ ಹಿಡಿದು ಹೊಸ್ತಿಲಿಗೆ ಬಂದೆ.

"ಅಪ್ಪಿ, ಉಂಡ್ಯೇನೋ?" ಕೂಗಿದೆ.

ತಮ್ಮ ಗಕ್ಕನೆ ತಿರುಗಿದ. ಅರವತ್ತು ದಾಟಿದ ಆ ಮುಖ, ಎತ್ತಿಕೋ ಎಂದು ಕೈ ಚಾಚುವ ಮಗುವಿನ ಮುಖದಂತೆ ಅರಳಿತ್ತು.

"ನಿಮಗಲ್ಲ ಸಾಹುಕಾರ್ರೆ," ಅಂದೆ. "ಚೌಡಯ್ಯನಿಗೆ."