ಎಡಗೈಯ ಕ್ರೋಶಾ ಕಡ್ಡಿ

ನಾನು ಒಂದು ಕ್ರೋಶಾ ಕಡ್ಡಿ. ಗೇಣುದ್ದವೂ ಇಲ್ಲ, ತುದಿಗೊಂದು ಸಣ್ಣ ಕೊಕ್ಕೆ, ಅಷ್ಟೇ. ನೋಡಿದವರು ಕಿವಿ ಕೆರೆಯುವ ಕಡ್ಡಿಯೇ ಎಂದು ಕೇಳುತ್ತಾರೆ. ಕೇಳಲಿ, ಅವರ ಕಿವಿ ಅವರಿಗೆ. ಯಾವುದೋ ಕಾರ್ಖಾನೆಯಲ್ಲಿ ಉಕ್ಕಿನ ತಂತಿಯಿಂದ ರಾಶಿ ರಾಶಿಯಾಗಿ ಹುಟ್ಟಿದವರಲ್ಲಿ ನಾನೊಬ್ಬ. ಗದಗಿನ ಒಂದು ಬಳೆ ಅಂಗಡಿಗೆ ಬಂದೆ. ಅಲ್ಲಿ ನನ್ನನ್ನು ಕೊಂಡವಳು ಚನ್ನಬಸವ್ವ, ಆಗಷ್ಟೇ ಮದುವೆಯಾಗಿ ಬಂದ ಹುಡುಗಿ. ಶಾಲೆಯಲ್ಲಿ ಕಲಿತ ನೂಲಿನ ಹೆಣಿಗೆ ಅವಳ ಕೈಯಲ್ಲಿ ಕೂತುಬಿಟ್ಟಿತ್ತು. ಯಾವ ಕೈಯಲ್ಲಿ ಎಂದು ಕೇಳಿ. ಎಡಗೈಯಲ್ಲಿ.

ಅದೇ ಅವಳು ಮಾಡಿದ ದೊಡ್ಡ ಅಪರಾಧವಂತೆ! ಬಂದ ಹೊಸದರಲ್ಲಿ ಮರೆತು ಎಡಗೈಯಿಂದ ರೊಟ್ಟಿ ನೀಡಿದಳು. ಅತ್ತೆ ಒಲೆ ಊದುವ ಕೊಳವೆಯನ್ನು ಕಾಸಿ ಅವಳ ಮಣಿಕಟ್ಟಿನ ಮೇಲೆ ಇಟ್ಟಳು. "ಎಡಚಿ! ಮನಿ ಹಾಳ ಮಾಡಾಕ ಬಂದೀಯೇನ?" ಎಂದಳು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ನಾನು ಅಲ್ಲೇ ಇದ್ದೆ. ಕೊಕ್ಕೆ ಇದ್ದೂ ಏನೂ ಮಾಡಲಾಗಲಿಲ್ಲ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ, ಹೋಗುವುದೂ ಬೇಡ.

ಅಂದಿನಿಂದ ಅವಳು ಉಂಡದ್ದು ಬಲಗೈಯಲ್ಲಿ, ನೀಡಿದ್ದು ಬಲಗೈಯಲ್ಲಿ. ಮಧ್ಯಾಹ್ನ ಕಾಳಿನ ಕೋಣೆಯ ಬಾಗಿಲಿಗೆ ಅಗಳಿ ಹಾಕಿ, ತೊಡೆಯ ಮೇಲೆ ಮಗ ಮಹಾಂತೇಶನನ್ನು ಮಲಗಿಸಿಕೊಂಡು, ನನ್ನನ್ನು ಮಾತ್ರ ಎಡಗೈಯಲ್ಲಿ ಹಿಡಿದಳು. ನನಗೆ ಗೊತ್ತಿರುವ ಸುಖ ಅದೊಂದೇ. ಅಲ್ಲಿ ಹುಟ್ಟಿತು ಆ ಬಿಳಿ ಹೂವು: ತಟ್ಟೆಯಗಲದ ಹೆಣಿಗೆ, ಎಸಳುಗಳೆಲ್ಲ ಬಲಕ್ಕೆ ವಾಲಿ ಗಿರಗಿಟ್ಟಲೆಯಂತೆ ತಿರುಗುವವು. ಅದನ್ನು ಉಡಿ ತುಂಬುವ ತಟ್ಟೆಯ ಮೇಲೆ ಹೊದಿಸಿದರು. "ಏನ್ ಕೈ ಅವ್ವಾ ನಿಂದು!" ಎಂದು ಊರೆಲ್ಲ ಹೊಗಳಿತು. ಕಾಸಿದ ಕೊಳವೆ ಇಟ್ಟ ಅತ್ತೆಯೂ ಹೊಗಳಿದಳು. ನಾಚಿಕೆಗೇಡು!

ಚನ್ನಬಸವ್ವ ಮಗನ ಮದುವೆಯನ್ನೂ ನೋಡದೆ ಹೋದಳು. ಆಮೇಲೆ ಬಂದ ಸೊಸೆ ಅನ್ನಪೂರ್ಣಾ ಅತ್ತೆಯನ್ನು ಕಂಡವಳಲ್ಲ. ಆದರೂ ಬಂದವರಿಗೆಲ್ಲ ಆ ಹೂವು ತೋರಿಸಿ "ನಮ್ಮತ್ತಿ ಕೈ ಅಂದ್ರ ಲಕ್ಷ್ಮಿ ಕೈ" ಎನ್ನುತ್ತಿದ್ದಳು. ಹೂವಿಗೆ ಕಪಾಟು, ರೇಷ್ಮೆ ಸೀರೆಗಳ ಸಂಗ. ನನಗೆ? ಲಂಗಕ್ಕೆ ಲಾಡಿ ಪೋಣಿಸುವ ಕೆಲಸ, ಕಟ್ಟಿಕೊಂಡ ಗ್ಯಾಸ್ ಬರ್ನರ್ ಕೆರೆಯುವ ಕೆಲಸ. ಮೈಯೆಲ್ಲ ಮಸಿ. ಯಾರಿಗೆ ಹೇಳೋಣ?

ಅನ್ನಪೂರ್ಣಾಳ ಕಿರಿಯ ಮಗಳು ದಾಕ್ಷಾಯಿಣಿ ಹುಟ್ಟಾ ಎಡಚಿ. ಕೈ ಬದಲಾಗಲೆಂದು ಅವಳ ಎಡಗೈಗೆ ಕರವಸ್ತ್ರ ಕಟ್ಟಿ ಉಣಿಸಿದರು. ಎಡಗೈಯಲ್ಲಿ ಪೆನ್ನು ಹಿಡಿದರೆ ಏಟು. ಮಹಾಂತೇಶ ಎದುರಿಗೇ ಕೂತು ಪೇಪರ್ ಓದುತ್ತಿದ್ದ. ತಾಯಿಯ ತೊಡೆಯ ಮೇಲೆ ಮಲಗಿ ಎಲ್ಲ ನೋಡಿದವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ನನ್ನ ಸಿಟ್ಟೆಲ್ಲ ಅವನ ಮೇಲೆಯೇ.

ದಾಕ್ಷಾ ಕಾಲೇಜು ಸೇರಿದ ವರ್ಷ ಅವಳ ಬಸುರಿ ಅಕ್ಕನಿಗೆ ಕುಬಸ ಗೊತ್ತಾಯಿತು. ಹೂವನ್ನು ಹೊರಗೆ ತೆಗೆದರೆ ನಡುವೆಯೇ ಇಲಿ ಕಡಿದಿತ್ತು. ಅನ್ನಪೂರ್ಣಾ ಅತ್ತೇಬಿಟ್ಟಳು. "ನಾ ಹೆಣೀತೀನಿ" ಎಂದಳು ದಾಕ್ಷಾ. ನನ್ನನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದಳು, ಮೊಬೈಲ್ ನೋಡಿ ಸರಪಳಿ ಹೆಣಿಗೆ ಕಲಿತಳು, ಕಂಬದ ಹೆಣಿಗೆ ಕಲಿತಳು. ಎಲ್ಲ ಅವ್ವನ ಕಣ್ಣೆದುರು, ಬಲಗೈಯಲ್ಲಿ. ನೂಲು ಗಂಟಾಯಿತು, ಬೆರಳು ಬೆವೆತವು. ಹೇಗೋ ಎಸಳು ಮೂಡಿದರೆ ಎಲ್ಲವೂ ಎಡಕ್ಕೆ ವಾಲಿದವು.

"ಉಲ್ಟಾ ಆಗೇತಿ, ಬಿಚ್ಚು" ಎಂದಳು ಅನ್ನಪೂರ್ಣಾ. ಬಿಚ್ಚಿದಳು. ಮತ್ತೆ ಎಡಕ್ಕೇ ವಾಲಿತು. ತಿರುವಿ ಹಾಕಿ ನೋಡಿದರು. ಎಸಳು ಬಲಕ್ಕೇನೋ ವಾಲಿತು, ಆದರೆ ಹೆಣಿಗೆಯ ಒರಟು ಹಿಂಬದಿ ಮೇಲೆ ಕಂಡಿತು. "ನಿನ್ನ ಕೈಲೆ ಆಗೂ ಕೆಲಸಲ್ಲ ಬಿಡು, ಅದು ನಮ್ಮತ್ತಿಗಷ್ಟ ಒಲಿದಿತ್ತು" ಎಂದಳು ತಾಯಿ. ಅಯ್ಯೋ ದಡ್ಡರೇ, ಕೈ ಬದಲಿಸಿ ನೋಡಿ ಎಂದು ಒದರಬೇಕೆನಿಸಿತು. ಬಾಯಿ ಎಲ್ಲಿಂದ ತರಲಿ?

ಹುಡುಗಿ ಹಟಮಾರಿ. ಕೋಣೆಗೆ ಹೋಗಿ ಚಿಲಕ ಹಾಕಿದಳು, ನನ್ನನ್ನು ಎಡಗೈಗೆ ದಾಟಿಸಿದಳು. ನೂಲು ಹರಿದು ಬಂತು. ಎಸಳು ಬಲಕ್ಕೆ ವಾಲಿತು, ಅದರ ಬೆನ್ನಿಗೆ ಇನ್ನೊಂದು. ದಾಕ್ಷಾ ಹಳೆಯ ಹೂವಿನ ಪಕ್ಕ ಅದನ್ನಿಟ್ಟು ನೋಡಿದಳು. ಅಜ್ಜಿಯೂ ಎಡಗೈಯಲ್ಲೇ ಹೆಣೆದಿದ್ದಳೆಂದು ಅವಳಿಗೆ ಅರ್ಥವಾಯಿತು. ಆಮೇಲೆ ಮುಚ್ಚುಮರೆ ಬೇಡವೆಂದು ಬೆಳಗ್ಗೆ ಪಡಸಾಲೆಯಲ್ಲೇ ಕೂತು ಎಡಗೈಯಲ್ಲಿ ಹೆಣೆಯತೊಡಗಿದಳು.

ಅನ್ನಪೂರ್ಣಾ ಕಂಡಳು. ಕೈಯಲ್ಲಿದ್ದ ಸೌಟಿನಿಂದಲೇ ಮುಂಗೈ ಮೇಲೆ ಬಾರಿಸಿದಳು. ನಾನು ನೆಲಕ್ಕೆ ಬಿದ್ದೆ. "ಆ ಹೊಲಸ ಕೈಲೆ ಮಾಡಿದ್ದನ್ನ ಅಕ್ಕನ ಉಡಿ ತಟ್ಟಿ ಮ್ಯಾಲ ಹಾಕ್ತೀಯೇನ? ಬೀಗರು ಏನಂದಾರು?"

ದಾಕ್ಷಾ ಅಳಲಿಲ್ಲ. ದೇವರ ಕೋಣೆಯ ಕಡೆ ಬೆರಳು ಮಾಡಿದಳು. ಅಲ್ಲಿ ಮಹಾಂತೇಶ ಇಷ್ಟಲಿಂಗ ಪೂಜೆಗೆ ಕೂತಿದ್ದ. "ಅಪ್ಪಾಜಿ ಲಿಂಗ ಯಾವ ಕೈಯಾಗ ಹಿಡದಾರ ನೋಡವ್ವಾ. ನೀನೂ ದಿನಾ ಅದ ಕೈಯಾಗ ಹಿಡೀತಿ. ಆವಾಗ ಹೊಲಸಲ್ಲೇನು?" ಎಂದಳು. ಅಷ್ಟಕ್ಕೇ ಬಿಡಲಿಲ್ಲ. "ಅಪ್ಪಾಜಿ, ನೀವು ಹೇಳ್ರಿ. ನಿಮ್ಮವ್ವ, ನಮ್ಮ ಆಯಿ, ಯಾವ ಕೈಲೆ ಹೆಣೀತಿದ್ಲು?"

ಮಹಾಂತೇಶ ಎಡ ಅಂಗೈಯ ಮೇಲಿನ ಲಿಂಗ ನೋಡುತ್ತ ಕೂತ. ಹೇಳೋ, ಈಗಾದರೂ ಬಾಯಿ ಬಿಡೋ ಎಂದು ನಾನು ನೆಲದ ಮೇಲೆ ಬಿದ್ದುಕೊಂಡೇ ಕುದಿಯುತ್ತಿದ್ದೆ.

"ಎಡಗೈಲೆ" ಎಂದ. "ನಮ್ಮವ್ವನ ಮಣಿಕಟ್ಟಿನ ಮ್ಯಾಲ ಸುಟ್ಟ ಕಲಿ ಇತ್ತು. ಎಡಗೈಲೆ ನೀಡಿದ್ಲಂತ ನಮ್ಮಜ್ಜಿ ಸುಟ್ಟಿದ್ಲು."

ಅನ್ನಪೂರ್ಣಾ ಸೌಟು ಕೆಳಗಿಟ್ಟಳು. "ಮತ್ತ ಇಷ್ಟ ದಿನ ಯಾಕ ಹೇಳಲಿಲ್ರೀ? ಈ ಕೂಸಿನ ಕೈ ಕಟ್ಟಿ ಉಣಿಸೀನಲ್ರೀ ನಾನು!"

ಅವಳು ಮಗಳ ಕೆಂಪಾದ ಮುಂಗೈಗೆ ಬೆಣ್ಣೆ ಹಚ್ಚಿದಳು. ಆಮೇಲೆ ನೆಲದಿಂದ ನನ್ನನ್ನು ಹೆಕ್ಕಿ, ಸೆರಗಿನಿಂದ ಒರೆಸಿ, ಆ ಎಡಗೈಗೇ ಕೊಟ್ಟಳು.

ಕುಬಸದ ದಿನ ಹೊಸ ಹೂವು ತಟ್ಟೆಯ ಮೇಲೆ ಬಂತು. ಯಾರು ಹೆಣೆದದ್ದೆಂದು ಬೀಗತಿ ಕೇಳಿದಳು. "ನನ್ನ ಮಗಳರೀ, ಎಡಗೈಲೆ" ಎಂದಳು ಅನ್ನಪೂರ್ಣಾ, ಎಲ್ಲರಿಗೂ ಕೇಳುವಂತೆ. ಒಂದಿಬ್ಬರು ಮೂಗು ಮುರಿದರು. ಮುರಿಯಲಿ.

ಈಗ ನನಗೆ ವಯಸ್ಸಾಗಿದೆ, ಕುತ್ತಿಗೆ ಸ್ವಲ್ಪ ಬಾಗಿದೆ. ದಾಕ್ಷಾ ಹೊಸ ಕಡ್ಡಿ ಕೊಂಡಿದ್ದಾಳೆ; ನನ್ನನ್ನು ನೂಲಿನ ಡಬ್ಬಿಯಲ್ಲಿ ಮೆತ್ತಗೆ ಮಲಗಿಸಿದ್ದಾಳೆ. ಎಲ್ಲ ಸರಿಹೋಯಿತಲ್ಲ, ಇನ್ನು ಸಿಟ್ಟು ಬಿಡು ಎಂದು ನೀವು ಹೇಳಬಹುದು. ದಾಕ್ಷಾಳ ಮಟ್ಟಿಗೆ ಬಿಟ್ಟಿದ್ದೇನೆ. ಆದರೆ ಮಹಾಂತೇಶ ಅಂದು ಆಡಿದ ಒಂದು ಮಾತನ್ನು ಅವನ ತಾಯಿ ಬದುಕಿದ್ದಾಗ ಆಡಬಹುದಿತ್ತು. ಆಡಿದ್ದರೆ ಅವಳು ಅಗಳಿ ತೆಗೆದು ಹೊರಗೆ ಬಂದು ಕೂರುತ್ತಿದ್ದಳು.